ಹವಳದ ತೊಟ್ಟಿಯ ನೀರೋಟ: ಒಂದು ಯೋಜನಾಪತ್ರದ ವಿಮರ್ಶೆ

ಇತಿಹಾಸದ ಅಧ್ಯಾಪಕನು ಪಂಪು, ಕೊಳವೆಗಳನ್ನು ಕುರಿತು ಸಂಶೋಧನ ಸಂಚಿಕೆಯಲ್ಲಿ ಬರೆಯುವುದು ಅಧಿಕಪ್ರಸಂಗವೆಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ಈ ಆಕ್ಷೇಪಣೆಗೆ ನನ್ನಲ್ಲಿರುವ ಸಮಾಧಾನ ಇಷ್ಟೆ: ನನ್ನ ಕೈಗೆ ಬಂದದ್ದು ಒಂದು ದಸ್ತಾವೇಜು, ದಸ್ತಾವೇಜನ್ನು ಓದುವುದು ನಮ್ಮ ಕಸುಬು. ಅದನ್ನು ತಂದವರು ನಮ್ಮ ವಿಭಾಗದಲ್ಲಿಯೇ ಓದಿ, ಈಗ ವೈಟ್‌ಫೀಲ್ಡಿನ ಒಂದು ಸಂಸ್ಥೆಯ ಕಟ್ಟಡಗಳ ಮೇಲ್ವಿಚಾರಣೆಯಲ್ಲಿರುವ ತರುಣರು. ಆ ಸಂಸ್ಥೆಯ ಮುಂಭಾಗದ ಹಜಾರದಲ್ಲಿ ಕಡಲಿನ ಹವಳಗಳನ್ನು ಬೆಳೆಸುವ ದೊಡ್ಡದೊಂದು ಗಾಜಿನ ತೊಟ್ಟಿಯನ್ನು ಕಟ್ಟಿಸಬೇಕೆಂದು ನಿಶ್ಚಯವಾಗಿತ್ತು. ಅದರ ನೀರಿನ ಪರಿಚಲನೆಯನ್ನೂ ಪಂಪುಗಳನ್ನೂ ವಿವರಿಸುವ ನಲವತ್ತು ಪುಟಗಳ ಯೋಜನಾಪತ್ರವನ್ನು ಮೇಜಿನ ಮೇಲಿಟ್ಟು, "ಸಾರ್, ಶಾಸನ ಓದೋದು ಹೇಳಿಕೊಟ್ಟೋರು ನೀವು. ಇದನ್ನೂ ಒಂದು ಸಲ ಓದಿ. ನಾನು ಸಹಿ ಹಾಕಬೇಕು" ಎಂದರು. ಸಹಿಯ ವಿಷಯದಲ್ಲಿ ಅವರಿಗಿದ್ದ ಅಳುಕಿಗೆ ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಯೋಜನಾಪತ್ರದ ಮುಖ್ಯಾಂಶಗಳು ಹೀಗಿವೆ. ತೊಟ್ಟಿಯ ಉದ್ದ 4 ಮೀಟರು, ಅಗಲ ಒಂದೂವರೆ ಮೀಟರು, ನೀರಿನ ಆಳ 1 ಮೀಟರು. ಎಂದರೆ 6,000 ಲೀಟರು ಉಪ್ಪುನೀರು. ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿ. ಮೇಲಿನ ನೀರು ಅಂಚನ್ನು ದಾಟಿ ಕೆಳಕ್ಕೆ ಬೀಳುತ್ತದೆ, ಅಲ್ಲಿ ಶುದ್ಧಿಯಾಗಿ ಪಂಪಿನ ಮೂಲಕ ಮತ್ತೆ ಮೇಲೇರುತ್ತದೆ. ಹೀಗೆ ಗಂಟೆಗೆ ಹತ್ತು ಪಟ್ಟು, ಎಂದರೆ 60,000 ಲೀಟರು, ಮೇಲಕ್ಕೂ ಕೆಳಕ್ಕೂ ಓಡಾಡತಕ್ಕದ್ದು. ಅದಕ್ಕೆ ಒಂದೇ ಪಂಪು, 50 ಮಿಲಿಮೀಟರು ವ್ಯಾಸದ ಒಂದೇ ಕೊಳವೆ. ಉಳಿದ ಪುಟಗಳಲ್ಲಿ ದೀಪಗಳು, ಬಣ್ಣದ ಚಿತ್ರಗಳು, ಹವಳಗಳ ಪಟ್ಟಿ. ನಿರ್ವಹಣೆಯನ್ನು ಕುರಿತದ್ದು ಅರ್ಧ ಪುಟ. ಕಡೆಯಲ್ಲಿ, ಹಾನಿಗೆ ತಾವು ಹೊಣೆಯಲ್ಲವೆಂಬ ಷರತ್ತು. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯಕ್ಕೂ ಇದಕ್ಕೂ ಹೋಲಿಕೆಯುಂಟು. ಅಲ್ಲಿ ಕೆಡಿಸಿದವನಿಗೆ ಶಾಪ, ಇಲ್ಲಿ ಕಟ್ಟಿದವನಿಗೆ ಅಭಯ ಎಂಬುದೊಂದೇ ಭೇದ.

ಮೇಲೊಂದು, ಕೆಳಗೊಂದು ತೊಟ್ಟಿ ಎಂಬ ಈ ಏರ್ಪಾಡು ಬೆಂಗಳೂರಿನವರಿಗೆ ಹೊಸದೇನೂ ಅಲ್ಲ. ನಮ್ಮ ಮನೆಮನೆಯಲ್ಲಿಯೂ ನೆಲದಡಿಯಲ್ಲಿ ಸಂಪು, ತಾರಸಿಯ ಮೇಲೆ ಟ್ಯಾಂಕು, ನಡುವೆ ಮೋಟಾರು. ಹವಳದ ತೊಟ್ಟಿಯವರೂ ಕೆಳತೊಟ್ಟಿಯನ್ನು ಸಂಪು ಎಂದೇ ಕರೆಯುತ್ತಾರೆ. ಮತ್ಸ್ಯಾಲಯಗಳ ಚರಿತ್ರೆಯಲ್ಲಿ ಈ ಏರ್ಪಾಡಿಗೆ ಶಾಸ್ತ್ರರೂಪವನ್ನು ಕೊಟ್ಟವನು ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬ ಆಂಗ್ಲೇಯ. ಅದಕ್ಕೆ ಹಿಂದೆ, 1850ರ ಸುಮಾರಿನಲ್ಲಿ, ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಜ್ಞನು ಗಿಡವೂ ಮೀನೂ ಒಂದಕ್ಕೊಂದು ಆಧಾರವಾಗಿರುವ, ನೀರನ್ನು ಬದಲಿಸಬೇಕಾಗಿಲ್ಲದ ತೊಟ್ಟಿಯನ್ನು ಮಾಡಿ ತೋರಿಸಿದ್ದನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಗೃಹ ತೆರೆಯಿತು. ಆದರೆ ನಿಂತ ನೀರು ದೊಡ್ಡ ತೊಟ್ಟಿಗಳಲ್ಲಿ ಬಹುಬೇಗ ಕೆಡುತ್ತಿತ್ತು. ಲಾಯ್ಡನು 1864ರಲ್ಲಿ ಹ್ಯಾಂಬರ್ಗಿನಲ್ಲಿಯೂ 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿಯೂ ಅನುಸರಿಸಿದ ಕ್ರಮವೆಂದರೆ, ಪ್ರದರ್ಶನದ ತೊಟ್ಟಿಗಳಿಗಿಂತ ಎಷ್ಟೋ ದೊಡ್ಡದಾದ, ಬೆಳಕು ಕಾಣದ ಜಲಾಶಯವನ್ನು ಕೆಳಗೆ ಕಟ್ಟಿ, ಅದರ ನೀರನ್ನು ಹಗಲಿರುಳೂ ಮೇಲಿನ ತೊಟ್ಟಿಗಳ ಮೂಲಕ ಹಾಯಿಸುವುದು. ನೇಪಲ್ಸಿನಲ್ಲಿ ಆಂಟನ್ ಡೋರ್ನ್ ಸ್ಥಾಪಿಸಿದ ಪ್ರಾಣಿಶಾಸ್ತ್ರ ಕೇಂದ್ರದ, 1874ರಲ್ಲಿ ತೆರೆದ ಮತ್ಸ್ಯಾಲಯಕ್ಕೂ ಸಲಹೆ ಇವನದೇ.

ಲಾಯ್ಡನ ಕ್ರಮದಲ್ಲಿ ಗಮನಿಸಬೇಕಾದದ್ದು ಎರಡು ಸಂಗತಿ. ಆತನು ಭರವಸೆಯಿಟ್ಟದ್ದು ಕೆಳಗಿನ ನೀರಿನ ರಾಶಿಯ ಮೇಲೆ. ಪಂಪು ಆ ರಾಶಿಯ ಸೇವಕ. ನಮ್ಮ ಯೋಜನಾಪತ್ರದಲ್ಲಿ ಈ ಸಂಬಂಧ ತಲೆಕೆಳಗಾಗಿದೆ: 6,000 ಲೀಟರಿನ ತೊಟ್ಟಿಯ ಕೆಳಗೆ 700 ಲೀಟರಿನ ಸಂಪು, ಅದರ ಪಕ್ಕದಲ್ಲಿ ರಾಕ್ಷಸಾಕಾರದ ಪಂಪು. ಎರಡನೆಯದಾಗಿ, ಕಡಲ ದಂಡೆಯ ಊರುಗಳಲ್ಲಿ ತಪ್ಪಿದರೆ ಹೊಸ ನೀರನ್ನು ತರಿಸಿಕೊಳ್ಳುವ ಅನುಕೂಲವಿದೆ. ಭಾರತದ ಹಳೆಯ ಮತ್ಸ್ಯಾಲಯಗಳು ಸಮುದ್ರವನ್ನು ನೆಮ್ಮಿದವು. 1909ರ ಮದರಾಸಿನದೂ 1951ರಲ್ಲಿ ಮುಂಬಯಿಯಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯವೂ ಕಡಲ ಮಗ್ಗುಲಿನಲ್ಲಿಯೇ ಎದ್ದವು. ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ 1983ರಷ್ಟು ಈಚಿನದು. ಒಳನಾಡಿನ ಊರಿಗೆ ಕಡಲನ್ನು ಎಲ್ಲಿಂದ ತರುವುದು? ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿ, ಮಂಗಳೂರಿನ ತೀರಕ್ಕೆ ಮುನ್ನೂರೈವತ್ತು ಕಿಲೋಮೀಟರು ದೂರದಲ್ಲಿರುವ ವೈಟ್‌ಫೀಲ್ಡಿನಲ್ಲಿ ಕಡಲೆಂದರೆ ಚೀಲದ ಉಪ್ಪು, ಕೊಳವೆಬಾವಿಯ ನೀರು. ಲೀಟರಿಗೆ 35 ಗ್ರಾಮಿನಂತೆ 6,000 ಲೀಟರಿಗೆ 210 ಕಿಲೋ ಉಪ್ಪು ಬೇಕು. ಆ ನೀರನ್ನು ಮೊದಲು ಪೊರೆಯ ಮೂಲಕ ಸೋಸಬೇಕು. ಸಾಧಾರಣ ಯಂತ್ರದಲ್ಲಿ ಒಂದು ಲೀಟರು ಶುದ್ಧಜಲಕ್ಕೆ ಎರಡು ಮೂರು ಲೀಟರು ತ್ಯಾಜ್ಯವಾಗಿ ಹೊರಹೋಗುತ್ತದೆ.

ಈಗ ಹತ್ತು ಪಟ್ಟಿನ ಪ್ರಶ್ನೆಗೆ ಬರೋಣ. ಯೋಜನಾಪತ್ರದ ಮುಖ್ಯ ದೋಷ ಇಲ್ಲಿದೆಯೆಂದು ನನ್ನ ಅಭಿಪ್ರಾಯ. ಇದನ್ನು ಕಾಣಲು ಪ್ರೌಢಶಾಲೆಯ ಗಣಿತಕ್ಕಿಂತ ಹೆಚ್ಚಿನದೇನೂ ಬೇಕಾಗಲಿಲ್ಲ. ಗಂಟೆಗೆ 60,000 ಲೀಟರು ಎಂದರೆ ಸೆಕೆಂಡಿಗೆ ಸುಮಾರು ಹದಿನೇಳು ಲೀಟರು. 50 ಮಿಲಿಮೀಟರಿನ ಕೊಳವೆಯಲ್ಲಿ ಅಷ್ಟು ನೀರು ಹಾಯಬೇಕಾದರೆ ಅದರ ವೇಗ ಸೆಕೆಂಡಿಗೆ ಎಂಟೂವರೆ ಮೀಟರಾಗಬೇಕು. ಆ ವೇಗವನ್ನು ಪಡೆಯುವುದಕ್ಕೇ ನೀರಿಗೆ ಮೂರೂವರೆ ಮೀಟರಿಗೂ ಮೀರಿದ ಎತ್ತರದ ಒತ್ತಡ ಬೇಕು. ಸಂಪಿನಿಂದ ತೊಟ್ಟಿಯ ಅಂಚಿಗೆ ಇರುವ ನಿಜವಾದ ಎತ್ತರ ಎರಡೇ ಮೀಟರು! ಕೊಳವೆಯ ಘರ್ಷಣೆ, ಎಲ್ಬೋಗಳ ತಡೆ ಇವುಗಳನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಪತ್ರದಲ್ಲಿ ಸೂಚಿಸಿರುವ ಪಂಪಿನ ಪೆಟ್ಟಿಗೆಯ ಮೇಲೆ 60,000 ಎಂದು ಅಚ್ಚಾಗಿರುವುದು ನಿಜ. ಆದರೆ ಪಂಪುಗಳ ಪೆಟ್ಟಿಗೆಯ ಮೇಲಿನ ಸಂಖ್ಯೆ ಸಾಮಾನ್ಯವಾಗಿ ನೀರನ್ನು ಒಂದಿಂಚೂ ಎತ್ತದೆ ಸುಮ್ಮನೆ ನೂಕುವಾಗಿನದು. ಎತ್ತರ ಹೆಚ್ಚಿದಂತೆ ನೀರು ಕಡಮೆಯಾಗುತ್ತದೆಂಬುದನ್ನು ತಯಾರಕರೇ ಒಂದು ವಕ್ರರೇಖೆಯಲ್ಲಿ ಬರೆದು ಕೊಟ್ಟಿರುತ್ತಾರೆ. ಯೋಜನಾಕಾರರು ಪೆಟ್ಟಿಗೆಯನ್ನು ಓದಿದ್ದಾರೆ, ರೇಖೆಯನ್ನು ಓದಿಲ್ಲ. ಶಾಸನದ ಪ್ರಶಸ್ತಿಭಾಗವನ್ನು ನಂಬಿ ರಾಜನ ರಾಜ್ಯವಿಸ್ತಾರವನ್ನು ನಿರ್ಣಯಿಸುವ ವಿದ್ಯಾರ್ಥಿಯ ತಪ್ಪಿಗೂ ಈ ತಪ್ಪಿಗೂ ಹೆಚ್ಚು ಅಂತರವಿಲ್ಲ.

ಕೊಳವೆಯನ್ನು ಅಗಲಮಾಡಿದರೆ ಸರಿಹೋದೀತಲ್ಲ ಎಂದು ಕೇಳಬಹುದು. ಒಂದೇ ಪ್ರಮಾಣದ ನೀರಿಗೆ ಕೊಳವೆಯ ವ್ಯಾಸ ಇಮ್ಮಡಿಯಾದರೆ ಘರ್ಷಣೆಯ ನಷ್ಟ ಸುಮಾರು ಮೂವತ್ತೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆಯಾದ್ದರಿಂದ ಇದು ಒಳ್ಳೆಯ ಮಾತೇ. ಆದರೂ ಮೂಲಪ್ರಶ್ನೆ ಉಳಿಯುತ್ತದೆ: ಇಷ್ಟು ನೀರನ್ನು ಎತ್ತುವುದು ಏತಕ್ಕೆ? 60,000 ಲೀಟರನ್ನು ಎರಡು ಮೀಟರು ಎತ್ತಲು, ಘರ್ಷಣೆಯನ್ನು ಬಿಟ್ಟು, ಪಂಪಿನ ದಕ್ಷತೆ ನೂರಕ್ಕೆ ನಲವತ್ತೆಂದು ಹಿಡಿದರೂ ಸುಮಾರು 820 ವಾಟ್ ಬೇಕು. ದಿನಕ್ಕೆ ಇಪ್ಪತ್ತು ಯೂನಿಟ್ಟು ವಿದ್ಯುತ್ತು. ಅದೇ ಮೂರು ಪಟ್ಟು, 18,000 ಲೀಟರು ಎತ್ತಿದರೆ 250 ವಾಟ್, ದಿನಕ್ಕೆ ಆರು ಯೂನಿಟ್ಟು. ಸಂಪಿನಲ್ಲಿ ನಡೆಯುವ ಕೆಲಸಗಳಾದ ನೊರೆಯೆತ್ತುವುದು, ತಂಪುಮಾಡುವುದು, ಸುಣ್ಣದಂಶವನ್ನು ಸೇರಿಸುವುದು ಇವುಗಳಿಗೆ ಮೂರು ಪಟ್ಟು ಧಾರಾಳವಾಗಿ ಸಾಲುತ್ತದೆ. ಪಂಪಿಗೆ ಕೊಟ್ಟ ಶಕ್ತಿಯಲ್ಲಿ ಹೆಚ್ಚಿನ ಪಾಲು ಕೊನೆಗೆ ನೀರಿನ ಕಾವಾಗಿಯೇ ಪರಿಣಮಿಸುತ್ತದೆಯಾಗಿ, ಹೆಚ್ಚು ಎತ್ತಿದಷ್ಟೂ ತಂಪುಯಂತ್ರಕ್ಕೆ ಹೆಚ್ಚು ಕೆಲಸ. ಒಂದು ಕೈಯಿಂದ ಕಾಯಿಸಿ ಇನ್ನೊಂದು ಕೈಯಿಂದ ಆರಿಸುವ ಈ ವ್ಯವಹಾರಕ್ಕೆ ಎರಡು ಕಡೆಯೂ ವಿದ್ಯುತ್ತಿನ ಖರ್ಚು.

ನೀರನ್ನು ಎತ್ತುವುದು ಬೇರೆ, ಕದಡುವುದು ಬೇರೆ. ಎರಡನ್ನೂ ಒಂದೇ ಸಂಖ್ಯೆಯಲ್ಲಿ ಅಡಗಿಸಿದುದೇ ಯೋಜನಾಪತ್ರದ ಭ್ರಮೆಗೆಲ್ಲ ಮೂಲ. ತೊಟ್ಟಿಯೊಳಗೆಯೇ ಮುಳುಗಿಸಿದ ರೆಕ್ಕೆಯ ಪಂಪು ನೀರನ್ನು ಎಲ್ಲಿಗೂ ಎತ್ತಬೇಕಾಗಿಲ್ಲವಾದ್ದರಿಂದ ಐವತ್ತು ವಾಟಿನೊಳಗೇ ಗಂಟೆಗೆ ಹತ್ತು ಸಾವಿರ ಲೀಟರನ್ನು ಮೀರಿ ಚಲಿಸಬಲ್ಲದು. ಎತ್ತುವುದರ ಬೆಲೆಯನ್ನು ಬೆಂಗಳೂರು ಬಲ್ಲಷ್ಟು ಇನ್ನಾವ ಊರೂ ಬಲ್ಲದೆಂದು ಕಾಣೆ. 1896ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಹೆಸರಘಟ್ಟದ ಕೆರೆಯ ನೀರು ಸೋಲದೇವನಹಳ್ಳಿಯವರೆಗೆ ಇಳಿಜಾರಿನಲ್ಲಿ ತಾನಾಗಿ ಹರಿದುಬಂದು, ಅಲ್ಲಿಂದ ಉಗಿಯ ಪಂಪುಗಳ ಬಲದಿಂದ ಊರಿಗೆ ಏರತೊಡಗಿತು. ಇಂದು ಪೀಣ್ಯದಿಂದ ಹೆಸರಘಟ್ಟದ ದಾರಿ ಹಿಡಿದವರಿಗೆ ಸೋಲದೇವನಹಳ್ಳಿ ಒಂದು ಬಸ್ಸಿನ ನಿಲ್ದಾಣ. ನಮ್ಮ ನಗರ ಎತ್ತುನೀರಿನ ಊರಾದದ್ದು ಅಲ್ಲಿ. 1974ರಲ್ಲಿ ಕಾವೇರಿಯ ಮೊದಲನೆಯ ಹಂತ ಬಂದಮೇಲೆ ಸುಮಾರು ನೂರು ಕಿಲೋಮೀಟರು ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಬಾರಿ ಎತ್ತಿ, ಒಟ್ಟು ಐನೂರು ಮೀಟರಿನಷ್ಟು ಏರಿಸಿದ ನೀರನ್ನು ಕುಡಿಯುತ್ತಿದ್ದೇವೆ. ಸಾವಿರ ಲೀಟರನ್ನು ಐನೂರು ಮೀಟರು ಎತ್ತಲು, ಒಂದಿಷ್ಟೂ ನಷ್ಟವಿಲ್ಲವೆಂದು ಭಾವಿಸಿದರೂ, 1.36 ಯೂನಿಟ್ಟು ಬೇಕು. ಹೀಗೆ ಬಂದ ನೀರನ್ನು ಮತ್ತೆ ದಿನಕ್ಕೆ 240 ಬಾರಿ ಎರಡೆರಡು ಮೀಟರು ಎತ್ತುವುದನ್ನು ಸಕಾರಣವಾಗಿ ಸಮರ್ಥಿಸಬೇಕಾದ ಹೊಣೆ ಯೋಜನಾಕಾರರದು. ಅದನ್ನು ಅವರು ಹೊತ್ತಿಲ್ಲ.

ಕದಡುವುದರ ವಿಚಾರದಲ್ಲಿ ಯೋಜನಾಪತ್ರ ಬಹುಮಟ್ಟಿಗೆ ಮೌನವಾಗಿದೆ. ಹವಳದ ಪ್ರಾಣಿ ನೆಟ್ಟಲ್ಲಿಯೇ ನಿಂತಿರುವುದು. ಆಮ್ಲಜನಕವೂ ಆಹಾರವೂ ತಾವಾಗಿ ಅದರ ಬಳಿಗೆ ಬರಬೇಕು, ಕಸ ತಾನಾಗಿ ತೊಳೆದುಹೋಗಬೇಕು. ಅದರ ಮೈಯನ್ನು ಅಂಟಿಕೊಂಡು ನಿಶ್ಚಲವಾದ ನೀರಿನ ತೆಳುಪದರವೊಂದಿರುತ್ತದೆ. ಹರಿವು ಬಲವಾದಂತೆ ಈ ಪದರ ತೆಳುವಾಗಿ ಕೊಡುಕೊಳೆ ಸುಲಭವಾಗುತ್ತದೆ. ಆದರೆ ಒಂದೇ ದಿಕ್ಕಿನಿಂದ ಎಡೆಬಿಡದೆ ಬಡಿಯುವ ನೀರು ಒಂದು ಮಗ್ಗುಲಿನ ಅಂಗಾಂಶವನ್ನು ಸವೆಸುತ್ತದೆ, ಇನ್ನೊಂದು ಮಗ್ಗುಲಿನಲ್ಲಿ ಕೊಳೆಯನ್ನು ಕೂಡಿಹಾಕುತ್ತದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅಲ್ಲಿನ ನೀರು ಬರುತ್ತದೆ, ಹಿಂಜರಿಯುತ್ತದೆ, ಬಂಡೆಗೆ ತಾಗಿ ಸುಳಿಯಾಗುತ್ತದೆ. ಈ ಹೋಗುಬರುವಿಕೆಯನ್ನು ತೊಟ್ಟಿಯಲ್ಲಿ ತರುವುದು ಹೇಗೆಂಬುದೇ ಕಳೆದ ಅರುವತ್ತು ವರ್ಷಗಳ ಸಾಹಸಗಳ ಸಾರ. 1961ರಲ್ಲಿ ಇಂಡೊನೇಷ್ಯದ ಲೀ ಚಿನ್ ಎಂಗ್ ಎಂಬಾತನು ಕಡಲಿನಿಂದ ತಂದ ಸಜೀವ ಬಂಡೆ, ಗಾಳಿಯ ಗುಳ್ಳೆ, ಬಿಸಿಲು ಇಷ್ಟರಿಂದಲೇ ಹವಳಗಳನ್ನು ಉಳಿಸಿದ ಕ್ರಮವನ್ನು ಪ್ರಕಟಿಸಿದನು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ 1980ರ ಸುಮಾರಿನಲ್ಲಿ ಬೇರೊಂದು ಉಪಾಯ ಮಾಡಿದನು: ಬುಟ್ಟಿಯೊಂದು ತುಂಬಿದೊಡನೆ ತಾನಾಗಿ ಮಗುಚಿ ತೊಟ್ಟಿಯಲ್ಲಿ ಅಲೆಯನ್ನೆಬ್ಬಿಸುತ್ತಿತ್ತು. ವೇಗವಾಗಿ ಸುತ್ತುವ ಪಂಪಿನ ರೆಕ್ಕೆಗಳು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಅರೆದುಹಾಕುತ್ತವೆಂಬುದು ಆತನ ದೂರು. ಆಸ್ಟ್ರೇಲಿಯದ ಟೌನ್ಸ್‌ವಿಲ್ಲಿನಲ್ಲಿ 1987ರಲ್ಲಿ ತೆರೆದ ಮತ್ಸ್ಯಾಲಯದ ಹವಳದ ತೊಟ್ಟಿ 25 ಲಕ್ಷ ಲೀಟರಿನದು. ಅಲ್ಲಿ ಅಲೆಗಳಿಗಾಗಿಯೇ ಬೇರೆ ಯಂತ್ರವನ್ನಿಟ್ಟರು. ಇವರಲ್ಲಿ ಒಬ್ಬನಾದರೂ ಗಂಟೆಗೆ ಎಷ್ಟು ಪಟ್ಟು ಎಂಬ ಪ್ರಶ್ನೆಯಿಂದ ಹೊರಟವನಲ್ಲ.

ನಮ್ಮ ನಾಡಿನ ಜಲಶಾಸ್ತ್ರದ ದಾಖಲೆಯೊಂದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಕಡಪ ಜಿಲ್ಲೆಯ ಪೊರುಮಾಮಿಳ್ಳದ ಕೆರೆಯ 1369ನೆಯ ಇಸವಿಯ ಶಾಸನವು ವಿಜಯನಗರದ ಮೊದಲನೆಯ ಬುಕ್ಕನ ಮಗನಾದ ಭಾಸ್ಕರನದು. ಒಳ್ಳೆಯ ಕೆರೆಗೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಅದು ಎಣಿಸುತ್ತದೆ. ದೋಷಗಳೆಂದರೆ ಏರಿ ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯಂಗಳದ ನಡುವೆ ಕೂರ್ಮ ಎಂದರೆ ಆಮೆಯ ಬೆನ್ನಿನಂಥ ದಿಬ್ಬವಿರುವುದು, ನೀರು ಅಲ್ಪವಾಗಿ ಬಯಲು ವಿಶಾಲವಾಗಿರುವುದು, ಬಯಲು ಕಿರಿದಾಗಿ ನೀರು ಅತಿಯಾಗುವುದು. ಚೌಳನ್ನು ಬಿಡೋಣ, ನಮ್ಮ ತೊಟ್ಟಿಗೆ ಅದೇ ಜೀವ. ಉಳಿದವುಗಳನ್ನು ಯೋಜನಾಪತ್ರದ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಆಶ್ಚರ್ಯವಾಯಿತು. ಪತ್ರದ ಒಂಬತ್ತನೆಯ ಪುಟದ ಚಿತ್ರದಲ್ಲಿ ಬಂಡೆಗಳನ್ನೆಲ್ಲ ತೊಟ್ಟಿಯ ನಡುವೆ ಒಂದೇ ಗುಡ್ಡವಾಗಿ, ಹಿಂಬದಿಯ ಗಾಜಿಗೆ ಒರಗಿಸಿ ಪೇರಿಸಿದೆ. ನೋಡುವವರ ಕಣ್ಣಿಗೆ ಅದು ಗಂಭೀರ. ನೀರಿಗೆ ಅದು ಕೂರ್ಮ. ಗುಡ್ಡದ ಹಿಂದೆ ನೀರು ಸತ್ತು, ಅಲ್ಲಿ ಬಿದ್ದ ಕಸ ಅಲ್ಲಿಯೇ ಕೊಳೆಯುತ್ತದೆ. ಗುಡ್ಡವನ್ನು ಎರಡಾಗಿ ಒಡೆದು, ನಡುವೆ ಓಣಿಯನ್ನು ಬಿಟ್ಟು, ಹಿಂಬದಿಯ ಗಾಜಿನಿಂದ ಒಂದು ಗೇಣು ಸರಿಸಿ, ಎರಡು ತುದಿಗಳಿಂದ ಸರದಿಯ ಮೇಲೆ ನೀರನ್ನು ನೂಕಿದರೆ ಅರ್ಧದಷ್ಟು ಹರಿವಿನಲ್ಲಿಯೇ ಕೆಲಸ ಕೈಗೂಡುವಂತಿದೆ. ಬಂಡೆಯ ಜೋಡಣೆ ಅಲಂಕಾರದ ಅಧ್ಯಾಯಕ್ಕೆ ಸೇರಿದ್ದೆಂದೂ ಪಂಪು ಯಂತ್ರದ ಅಧ್ಯಾಯಕ್ಕೆ ಸೇರಿದ್ದೆಂದೂ ಯೋಜನಾಕಾರರು ಭಾವಿಸಿದಂತಿದೆ. ನೀರು ಅಧ್ಯಾಯಗಳನ್ನು ಅರಿಯದು.

ಇನ್ನು ಸಹಿಯ ಅಳುಕಿನ ಕಾರಣ. ಅದೇ ಸಂಸ್ಥೆಯ ಇನ್ನೊಂದು ಕಟ್ಟಡದಲ್ಲಿ, ಅದೇ ಯೋಜನಾಕಾರರು ಹಿಂದೆ ಮಾಡಿಕೊಟ್ಟ ಸಣ್ಣ ಹವಳದ ತೊಟ್ಟಿಯೊಂದಿತ್ತು: 2 ಮೀಟರು ಉದ್ದ, ಮುಕ್ಕಾಲು ಮೀಟರು ಅಗಲ, ಸುಮಾರು 1,050 ಲೀಟರು ನೀರು, ಕೆಳಗಿನ ಸಂಪಿನಲ್ಲಿ 250 ಲೀಟರು, ಅದರ ಮೇಲೆ 100 ಲೀಟರಿಗೆ ಸ್ಥಳ. ಒಂದು ರಾತ್ರಿ ವಿದ್ಯುತ್ತು ನಿಂತಿತು. ಜನರೇಟರು ಹಿಡಿಯುವುದು ತಡವಾಯಿತು. ಬೆಳಗ್ಗೆ ಹಜಾರದ ತುಂಬ ಉಪ್ಪುನೀರು, ರತ್ನಗಂಬಳಿ ಹಾಳು. ವಾರದೊಳಗಾಗಿ ಹವಳಗಳಲ್ಲಿ ಹೆಚ್ಚಿನವು ಸತ್ತವು. ರಾತ್ರಿಯ ಪಾಳಿಯ ಕಾವಲುಗಾರರು ಯಾವುದೋ ವಾಲ್ವನ್ನು ತಿರುಗಿಸಿರಬೇಕೆಂದು ವರದಿಯಾಗಿ, ಅವರನ್ನು ಕೆಲಸದಿಂದ ತೆಗೆದರು. ತಾವು ನೆಲವನ್ನು ಒರೆಸಿದ್ದು ಬಿಟ್ಟರೆ ಏನನ್ನೂ ಮುಟ್ಟಲಿಲ್ಲವೆಂದು ಅವರು ಹೇಳಿದ್ದನ್ನು ಕೇಳುವವರಿರಲಿಲ್ಲ. ಆ ವರದಿಯ ಮೇಲೂ ನನ್ನ ವಿದ್ಯಾರ್ಥಿಯ ಸಹಿಯಿತ್ತು.

ಹಳೆಯ ತೊಟ್ಟಿಯ ನಕ್ಷೆಯನ್ನು ತರಿಸಿಕೊಂಡು ನೋಡಿದೆವು. ನೀರನ್ನು ಮೇಲಕ್ಕೆ ತರುವ ಕೊಳವೆಯ ಬಾಯಿ ನೀರಿನ ಮಟ್ಟಕ್ಕಿಂತ 20 ಸೆಂಟಿಮೀಟರು ಕೆಳಗಿದೆ. ಪಂಪು ನಿಂತೊಡನೆ ಅದೇ ಕೊಳವೆ ಹಿಮ್ಮುಖವಾಗಿ ನೀರನ್ನು ಹೀರತೊಡಗುತ್ತದೆ. ಬಾಯಿಗೆ ಗಾಳಿ ತಾಗುವವರೆಗೆ ಅದು ನಿಲ್ಲುವುದಿಲ್ಲ. ನೀರಿನ ಮೇಲ್ಮೈ ಒಂದೂವರೆ ಚದರ ಮೀಟರು. 20 ಸೆಂಟಿಮೀಟರು ಇಳಿದರೆ 300 ಲೀಟರು. ಸಂಪಿನಲ್ಲಿ ಸ್ಥಳವಿದ್ದುದು ನೂರಕ್ಕೆ. ಇನ್ನೂರು ಲೀಟರು ನೆಲಕ್ಕೆ. ಇದನ್ನು ತಡೆಯಲು ಇಟ್ಟಿದ್ದ ಒಮ್ಮುಖದ ವಾಲ್ವು ಸುಣ್ಣಕಟ್ಟಿ ಅರೆತೆರೆದು ನಿಂತಿತ್ತು. ಉಪ್ಪುನೀರಿನಲ್ಲಿ ಇದು ಸಹಜವಾದದ್ದೇ. ವಿದ್ಯುತ್ತು ಬಂದಾಗ ಪಂಪು 300 ಲೀಟರನ್ನು ಮತ್ತೆ ಮೇಲಕ್ಕೆಳೆಯಿತು. ಸಂಪಿನಲ್ಲಿ ಉಳಿದದ್ದು ಐವತ್ತೇ ಲೀಟರು. ಆಗ ಸಂಪಿನ ತೇಲುಗುಂಡು ತನ್ನ ಕರ್ತವ್ಯವನ್ನು ಪಾಲಿಸಿತು: ಆವಿಯಾದ ನೀರನ್ನು ತುಂಬಲೆಂದು ಶುದ್ಧಜಲದ ನಲ್ಲಿಗೆ ನೇರವಾಗಿ ಜೋಡಿಸಿದ್ದ ಅದು ಇನ್ನೂರು ಲೀಟರು ಸಿಹಿನೀರನ್ನು ಒಳಕ್ಕೆ ಬಿಟ್ಟಿತು. ಲೀಟರಿಗೆ 35 ಗ್ರಾಮಿದ್ದ ಉಪ್ಪು ಕೆಲವು ಗಂಟೆಗಳಲ್ಲಿ 29.6ಕ್ಕೆ ಇಳಿಯಿತು. ಹವಳಗಳನ್ನು ಕೊಂದದ್ದು ಈ ಇಳಿತ. ಕೊಳವೆಯಲ್ಲಿ ನೀರಿನ ಮಟ್ಟದ ಬಳಿ ಬೆರಳು ಗಾತ್ರದ ಒಂದು ರಂಧ್ರವಿದ್ದಿದ್ದರೆ ಗಾಳಿ ಹೊಕ್ಕು ಹೀರುವಿಕೆ ಆಗಲೇ ಮುರಿಯುತ್ತಿತ್ತು. ಕಾವಲುಗಾರರು ವಾಲ್ವನ್ನು ತಿರುಗಿಸಿದ್ದಿದ್ದರೆ ಒಂದು ಪಕ್ಷ ಒಳ್ಳೆಯದೇ ಆಗುತ್ತಿತ್ತೇನೋ.

ಹೊಸ ಯೋಜನಾಪತ್ರದಲ್ಲಿ ಕೊಳವೆಯ ಬಾಯಿ 25 ಸೆಂಟಿಮೀಟರು ಆಳದಲ್ಲಿದೆ. ಮೇಲ್ಮೈ 6 ಚದರ ಮೀಟರು. ಗುಣಿಸಿದರೆ 1,500 ಲೀಟರು. ಸಂಪಿನ ಒಟ್ಟು ಗಾತ್ರವೇ 700. ಪೊರುಮಾಮಿಳ್ಳದ ಶಾಸನ ಹೇಳುವ ಆರನೆಯ ದೋಷ ಇದು: ಅಂಗಳ ಕಿರಿದು, ನೀರು ಅತಿ.

ಕೆರೆಯನ್ನು ಕಟ್ಟುವವರು ಈ ತಪ್ಪನ್ನು ಮಾಡುತ್ತಿರಲಿಲ್ಲವೆಂದು ಹೇಳಿದರೆ ಹಳೆಯದನ್ನೆಲ್ಲ ಹೊಗಳಿದಂತಾದೀತೆಂದು ನನಗೆ ಸಂಕೋಚವಿದೆ. ಒಡೆದ ಕೆರೆಗಳ ಸಂಖ್ಯೆಯೂ ನಮ್ಮ ಶಾಸನಗಳಲ್ಲಿ ಕಡಮೆಯೇನಲ್ಲ. ಆದರೂ ಕೋಡಿಯ ಕಲ್ಪನೆ ಇಲ್ಲದೆ ಅವರು ಏರಿಯನ್ನು ಎತ್ತುತ್ತಿರಲಿಲ್ಲ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಸೇರುತ್ತಿತ್ತು. ಬೆಳ್ಳಂದೂರಿನ ನೀರು ವರ್ತೂರಿಗೂ ವರ್ತೂರಿನದು ದಕ್ಷಿಣ ಪಿನಾಕಿನಿಗೂ ಇಂದಿಗೂ ಹೀಗೆಯೇ ಹರಿಯುತ್ತದೆ. ಬೆಳ್ಳಂದೂರಿಗೆ ಅನತಿದೂರದ ಅಗರದಲ್ಲಿ ದೊರೆತ, ಗಂಗರ ಕಾಲದ ಒಂಬತ್ತನೆಯ ಶತಮಾನದ ಶಾಸನ ಕೆರೆಗಳ ತೂಬಿನ ಮಾತನ್ನು ಹೇಳುತ್ತದೆ. ತೂಬಿದ್ದ ಕಡೆ ಅದನ್ನು ಎತ್ತಿ ಇಳಿಸುವ ನೀರಗಂಟಿಯಿದ್ದನು. ಕೆರೆಯ ಜೀರ್ಣೋದ್ಧಾರಕ್ಕೆಂದು ಬಿತ್ತುವಟ್ಟ, ಕಟ್ಟುಕೊಡಗೆಗಳೆಂಬ ಭೂಮಿ ಇರುತ್ತಿತ್ತು. ಪೊರುಮಾಮಿಳ್ಳದ ಪಟ್ಟಿಯಲ್ಲಿ ಮೊದಲನೆಯ ಸಾಧನ ಧನವಂತನೂ ಧರ್ಮಿಷ್ಠನೂ ಕೀರ್ತಿಕಾಮನೂ ಆದ ಅರಸು. ನಮ್ಮ ತೊಟ್ಟಿಗೆ ಧನವೂ ಕೀರ್ತಿಕಾಮನೆಯೂ ಧಾರಾಳವಾಗಿವೆ. ಎರಡನೆಯದು ಪಾಥಶ್ಶಾಸ್ತ್ರವನ್ನು, ಎಂದರೆ ಜಲಶಾಸ್ತ್ರವನ್ನು, ಬಲ್ಲವನು. ಹನ್ನೆರಡನೆಯದು ಕೆಲಸ ಬಲ್ಲ ಆಳುಗಳ ತಂಡ. ನಲವತ್ತು ಪುಟಗಳಲ್ಲಿ ನೀರಗಂಟಿಗೆ ಒಂದು ಸಾಲೂ ಇಲ್ಲ. ರಾತ್ರಿ ಹನ್ನೊಂದರ ಮೇಲೆ ತೊಟ್ಟಿಯ ಬಳಿ ಇರುವ ಒಬ್ಬನೇ ಮನುಷ್ಯನಿಗೆ ಯಾವ ಗುಂಡಿಯನ್ನು ಒತ್ತಬೇಕು, ಯಾರಿಗೆ ದೂರವಾಣಿ ಮಾಡಬೇಕು ಎಂಬುದನ್ನು ಆತನ ಭಾಷೆಯಲ್ಲಿ ಬರೆದು ಗೋಡೆಗೆ ಅಂಟಿಸುವ ಖರ್ಚು ಎಷ್ಟಾದೀತು?

ನೊರೆಯ ವಿಷಯದಲ್ಲಿ ಒಂದು ಮಾತನ್ನು ಸೇರಿಸುವ ಆಸೆಯಾಗುತ್ತದೆ. ಹವಳದ ಸಂಪಿನಲ್ಲಿ ಗಾಳಿಯನ್ನೂ ನೀರನ್ನೂ ಬೆರೆಸಿ ನೊರೆಯೆಬ್ಬಿಸುವ ಯಂತ್ರವಿರುತ್ತದೆ. ಕೊಳೆಯ ಅಂಶಗಳು ಗುಳ್ಳೆಯ ಮೈಗೆ ಅಂಟಿ ಮೇಲೇರುತ್ತವೆ, ಅವನ್ನು ಬಟ್ಟಲಿನಲ್ಲಿ ಹಿಡಿದು ಚೆಲ್ಲುತ್ತಾರೆ. 2015ರಿಂದೀಚೆಗೆ ವರ್ತೂರಿನ ಕೋಡಿಯಲ್ಲಿ ನೊರೆ ಎದ್ದು ವೈಟ್‌ಫೀಲ್ಡಿನ ರಸ್ತೆಗೆ ಹಾರಿದಾಗ ನಡೆದದ್ದೂ ಇದೇ ಕ್ರಿಯೆ; ಸಾಬೂನಿನಂಶದ ಕೊಳಚೆ ಎತ್ತರದಿಂದ ಧುಮುಕಿ ಗಾಳಿಯೊಡನೆ ಬೆರೆತಿತು. ಹಿಡಿಯುವ ಬಟ್ಟಲು ಮಾತ್ರ ಇರಲಿಲ್ಲ. ಬೆಳ್ಳಂದೂರಿಗೆ 2015, 2017, 2018ರಲ್ಲಿ ಬೆಂಕಿಯೂ ಬಿದ್ದಿತು. ಸಾವಿರ ಲೀಟರಿನ ನೊರೆಯನ್ನು ಇಷ್ಟು ಜಾಣತನದಿಂದ ಹಿಡಿಯಬಲ್ಲ ಬಡಾವಣೆಯಲ್ಲಿಯೇ ಇದು ನಡೆಯಿತೆಂಬುದನ್ನು ವಿದ್ಯಾರ್ಥಿಗಳು ಟಿಪ್ಪಣಿ ಮಾಡಿಕೊಳ್ಳಲಿ.

ಯೋಜನಾಪತ್ರದ ಮೂವತ್ತೊಂದನೆಯ ಪುಟದಲ್ಲಿರುವ ಹವಳಗಳ ಪಟ್ಟಿಯನ್ನು ನಾನು ಕಡೆಗೆ ಓದಿದೆ; ಮೊದಲೇ ಓದಬೇಕಾಗಿತ್ತು. ಅದರಲ್ಲಿ ಮುಕ್ಕಾಲುಪಾಲು ಕೊಂಬೆಕೊಂಬೆಯಾಗಿ ಬೆಳೆಯುವ ಕಲ್ಲುಹವಳಗಳು. ಇವು ರಭಸದ ನೀರನ್ನು ಬೇಡುವ ಜಾತಿಗಳು. ತೊಟ್ಟಿಯೊಳಗಿನ ಹರಿವು ಗಂಟೆಗೆ ನಲವತ್ತು ಪಟ್ಟು ಇರಬೇಕೆಂದು ಪತ್ರ ಒಂದೆಡೆ ಹೇಳುವುದು ಇವುಗಳ ಸಲುವಾಗಿಯೇ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ 2001ರಲ್ಲಿ ಕಲ್ಲುಹವಳಗಳನ್ನು ಸೇರಿಸಲಾಯಿತು. ನಮ್ಮ ಕಡಲಿನಿಂದ ಅವನ್ನು ಕಿತ್ತು ತರುವುದೂ ಮಾರುವುದೂ ದಂಡನೀಯ ಅಪರಾಧ. ಹುಲಿಗೆ ದೊರೆತ ರಕ್ಷಣೆಯೇ ಇವಕ್ಕೂ ದೊರೆತಿದೆ. ಪಟ್ಟಿಯ ಹವಳಗಳು ಎಲ್ಲಿಂದ ಬರುತ್ತವೆ, ಯಾವ ಅನುಮತಿಯ ಮೇಲೆ ಬರುತ್ತವೆ ಎಂಬುದಕ್ಕೆ ಪತ್ರದಲ್ಲಿ ಆಧಾರವಿಲ್ಲ. ಆಧಾರವಿಲ್ಲದ ಪಟ್ಟಿ ಬಿದ್ದುಹೋದರೆ ಅದರ ಬೆನ್ನಿಗೆ ನಲವತ್ತು ಪಟ್ಟೂ ಬೀಳಬೇಕು. ಉಳಿಯುವುದು ಮೃದುಹವಳಗಳು, ಮೀನುಗಳು. ಬಹುಪಾಲು ಮೃದುಹವಳಗಳಿಗೆ ಮಂದವಾದ, ದಿಕ್ಕು ಬದಲಿಸುವ ಹರಿವೇ ಹಿತ. ಎಂದ ಮೇಲೆ ಪಂಪುಗಳ ಅಧ್ಯಾಯವನ್ನೆಲ್ಲ ಬೇರೆಯೇ ಅಡಿಪಾಯದ ಮೇಲೆ ಬರೆಯಬೇಕಾಗುತ್ತದೆ. ಏನನ್ನು ಸಾಕುತ್ತೇವೆಂಬುದನ್ನು ನಿಶ್ಚಯಿಸದೆ ನೀರಿನ ವೇಗವನ್ನು ನಿಶ್ಚಯಿಸಿದುದು ಕ್ರಮಭಂಗ.

ಇಂಥ ತೊಟ್ಟಿಯೇ ಬೇಡವೆಂದು ನನ್ನ ಸಹೋದ್ಯೋಗಿಗಳೊಬ್ಬರ ವಾದ. 2024ರ ಮಾರ್ಚಿಯಲ್ಲಿ ಜಲಮಂಡಲಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ ಕಾರಂಜಿಗಳನ್ನೂ ನಿಷೇಧಿಸಿ 5,000 ರೂಪಾಯಿ ದಂಡವನ್ನು ಗೊತ್ತುಮಾಡಿದ್ದನ್ನು ಅವರು ನೆನಪಿಸಿದರು. ಆ ಬೇಸಗೆಯಲ್ಲಿ ಈ ಭಾಗದ ಮನೆಗಳು ಟ್ಯಾಂಕರಿನ ದಾರಿ ಕಾಯುತ್ತಿದ್ದವು. ನಗರದ ಅಂಚಿನ 110 ಹಳ್ಳಿಗಳಿಗೆಂದು ಯೋಜಿಸಿದ ಕಾವೇರಿಯ ಐದನೆಯ ಹಂತ ಉದ್ಘಾಟನೆಯಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ವಾದದಲ್ಲಿ ಬಲವಿದೆ. ಆದರೆ ಒಮ್ಮೆ ತುಂಬಿದ 6,000 ಲೀಟರು, ಸರಿಯಾಗಿ ಕಾಪಾಡಿದರೆ, ಬಹುಕಾಲ ಅದೇ ನೀರು. ಕಳೆಯುವುದು ಆವಿಯಾದದ್ದು, ಆಗಾಗ ಬದಲಿಸಿದ್ದು ಮಾತ್ರ. ಕೆಟ್ಟು ಚೆಲ್ಲಿ ಮತ್ತೆ ತುಂಬುವ ತೊಟ್ಟಿಯೇ ನಿಜವಾದ ದುಂದು. ಮಲ್ಪೆಯ ಕಡಲನ್ನೂ ಕಾಣದ ನಮ್ಮ ಎಷ್ಟೋ ವಿದ್ಯಾರ್ಥಿಗಳು ಹವಳವೆಂದರೆ ಉಂಗುರದ ಕಲ್ಲೆಂದೇ ತಿಳಿದಿದ್ದಾರೆ. ಸಂಸ್ಥೆಯವರು ಹಜಾರದ ಬಾಗಿಲನ್ನು ತಿಂಗಳಿಗೊಂದು ದಿನ ಶಾಲೆಗಳಿಗೆ ತೆರೆಯುವುದಾದರೆ ನಾನು ತೊಟ್ಟಿಯ ಪಕ್ಷಪಾತಿಯೇ.

ಯೋಜನಾಪತ್ರದ ಅಂಚುಗಳಲ್ಲಿ ಪೆನ್ಸಿಲಿನಿಂದ ಬರೆದು ಹಿಂತಿರುಗಿಸಿದೆ: ಎತ್ತುವುದು ಮೂರು ಪಟ್ಟಿಗೆ ಸಾಕು, ಅದೂ ಒಂದರ ಬದಲು ಎರಡು ಪಂಪು, ಎರಡು ಕೊಳವೆ, ಆಗ ನೀರಿನ ವೇಗ ಸೆಕೆಂಡಿಗೆ ಒಂದೂಕಾಲು ಮೀಟರು, ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಕೊಳವೆಯ ಬಾಯಿ ನೀರಿನ ಮಟ್ಟದಿಂದ 3 ಸೆಂಟಿಮೀಟರಿಗಿಂತ ಕೆಳಗಿರಬಾರದು, ಮೇಲೆ ರಂಧ್ರವಿರಬೇಕು; ಆಗ ಹಿಂದಕ್ಕೆ ಬರುವುದು 180 ಲೀಟರು. ಸಂಪು ಇಮ್ಮಡಿಯಾಗಲಿ. ಸಿಹಿನೀರಿನ ನಲ್ಲಿಗೆ ತೇಲುಗುಂಡನ್ನು ನೇರವಾಗಿ ಜೋಡಿಸದೆ ಇಪ್ಪತ್ತೈದು ಲೀಟರಿನ ಡಬ್ಬದಿಂದ ತುಂಬಲಿ. ಡಬ್ಬ ಬರಿದಾದರೆ ತಾನಾಗಿ ನಿಲ್ಲುತ್ತದೆ. ವಿದ್ಯುತ್ತು ಹೋದಾಗ ತೊಟ್ಟಿಯೊಳಗಿನ ಒಂದು ಕದಡುವ ಪಂಪಾದರೂ ಬ್ಯಾಟರಿಯ ಮೇಲೆ ಓಡಲಿ. ನೀರಗಂಟಿ ಯಾರು? ಈ ಕೊನೆಯ ಪ್ರಶ್ನೆಯ ಅಡಿಯಲ್ಲಿ ಎರಡು ಗೆರೆ ಎಳೆದಿದ್ದೆ.

ಪರಿಷ್ಕೃತ ಪತ್ರ ಎರಡು ತಿಂಗಳ ಮೇಲೆ ಬಂದಿತು. ಕೊಳವೆಗಳು ಎರಡಾಗಿವೆ, ರಂಧ್ರವಿದೆ, ಸಂಪು 1,200 ಲೀಟರಿಗೆ ಬೆಳೆದಿದೆ. ಗುಡ್ಡ ಮಾತ್ರ ಇನ್ನೂ ನಡುವೆಯೇ ಇದೆ. ಚಿತ್ರ ಸೊಗಸಾಗಿ ಬಂದಿತ್ತೆಂದು ಅದನ್ನು ಉಳಿಸಿಕೊಂಡರಂತೆ. ಹವಳಗಳ ಪಟ್ಟಿಯ ಎದುರು "ಪರಿಶೀಲನೆಯಲ್ಲಿದೆ" ಎಂದು ಬರೆದಿದೆ. ನನ್ನ ಕೊನೆಯ ಪ್ರಶ್ನೆಗೆ ಉತ್ತರವಿಲ್ಲ. ನನ್ನ ವಿದ್ಯಾರ್ಥಿ ಸಹಿ ಹಾಕುವುದನ್ನು ಮುಂದೂಡಿದ್ದಾರೆ; ಹಳೆಯ ವರದಿಯನ್ನು ತಿದ್ದಿಕೊಡಬೇಕೆಂದು, 300 ಲೀಟರಿನ ಲೆಕ್ಕವನ್ನು ಲಗತ್ತಿಸಿ, ಮೇಲಧಿಕಾರಿಗಳಿಗೆ ಪತ್ರ ಬರೆದಿದ್ದಾರೆ. ಕೆಲಸ ಕಳೆದುಕೊಂಡ ಕಾವಲುಗಾರರು ಈಗ ಕಾಡುಗೋಡಿಯ ಕಡೆ ಒಂದು ವಸತಿಸಮುಚ್ಚಯದಲ್ಲಿದ್ದಾರೆಂದೂ, ಅಲ್ಲಿ ಬೆಳಗ್ಗೆ ಸಂಜೆ ಸಂಪಿನ ಮೋಟಾರನ್ನು ಹಾಕಿ ಆರಿಸುವುದು ಅವರದೇ ಕೆಲಸವೆಂದೂ ಕೇಳಿದೆ.